ಕಬ್ಬಿನ ಸೆರೆಗೆ ಯಾವ ಹೆಸರು, ಎಂಥ ಲೇಬಲ್?

ಈ ಸಲದ ಪ್ರಶ್ನೋತ್ತರ ಪುಟ ಒಂದೇ ವಿಷಯದ ಸುತ್ತ ಇದೆ: ಕಬ್ಬಿನಿಂದ ಇಳಿಸಿದ ಸೆರೆಯ, ಅಂದರೆ ಮದ್ಯದ, ಹೆಸರು ಮತ್ತು ಲೇಬಲ್. ಗಡಹಿಂಗ್ಲಜದ ಓದುಗರೊಬ್ಬರ ದೀರ್ಘ ಪತ್ರದ ಒಂದು ಭಾಗ ಹಿಂದಿನ ಸಂಚಿಕೆಯಲ್ಲಿ ಅಚ್ಚಾದ ಮೇಲೆ ಸೊಲ್ಲಾಪುರ, ಜತ್ತ ಮತ್ತು ಅಕ್ಕಲಕೋಟೆಗಳಿಂದ ಅದೇ ಎಳೆಯನ್ನು ಹಿಡಿದ ಮೂರು ಪತ್ರಗಳು ಬಂದವು. ಬರೆದವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ. ಉತ್ತರಿಸುತ್ತಿರುವ ನಾನು ಸೊಲ್ಲಾಪುರದ ಛಾಪಖಾನೆಗಳಲ್ಲಿ ಬೀಡಿ ಕಟ್ಟಿನ ಲೇಬಲ್ಲಿನಿಂದ ಮದ್ಯದ ಬಾಟಲಿಯ ಲೇಬಲ್ಲಿನವರೆಗೆ ಮೂವತ್ತು ವರ್ಷ ಮಸಿಯಲ್ಲಿ ಕೈಯಾಡಿಸಿದವನು. ವಕೀಲನಲ್ಲವಾದ್ದರಿಂದ ಕಾಯ್ದೆಯ ಮಾತು ಬಂದಲ್ಲಿ ಅಂತಿಮ ಸಲಹೆಯನ್ನು ವಕೀಲರಿಂದಲೇ ಪಡೆಯಬೇಕು.

ಪ್ರಶ್ನೆ: ಮಾನ್ಯರೆ, ಗಡಹಿಂಗ್ಲಜದ ನಮ್ಮ ಮನೆಯ ಮಾತು ಕನ್ನಡ, ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಈಗ ಕೊಲ್ಹಾಪುರದಲ್ಲಿ ಪ್ಯಾಕೇಜಿಂಗ್ ವಿನ್ಯಾಸ ಮಾಡುತ್ತೇನೆ. ಪರವಾನಗಿ ಇರುವ ಭಟ್ಟಿಯೊಂದರ ಮಾಲೀಕರು ಕಬ್ಬಿನಿಂದ ಇಳಿಸಿದ ‘ಪಾರಂಪರಿಕ’ ಮದ್ಯಕ್ಕೆ ಹೆಸರು, ಬಾಟಲಿ, ಲೇಬಲ್, ಪೆಟ್ಟಿಗೆ ಎಲ್ಲವನ್ನೂ ಮಾಡಿಕೊಡಲು ಹೇಳಿದ್ದಾರೆ. ಅವರಿಗೆ ಕೋಟೆಯ ಚಿತ್ರ ಬೇಕು, ಮೀಸೆ ತಿರುವಿದ ಒಬ್ಬ ಸರದಾರ ಬೇಕು, ಹಿಂದೆ ದೇವಸ್ಥಾನದ ಶಿಖರ ಕಂಡರೆ ಇನ್ನೂ ಒಳ್ಳೆಯದು, ಕೆಳಗೆ ‘ಐದು ನೂರು ವರ್ಷಗಳ ಪರಂಪರೆ’ ಎಂಬ ಸಾಲು ಬೇಕು. ನಾನು ‘ಆಲೆಮನೆ’ ಎಂಬ ಹೆಸರನ್ನು ಸೂಚಿಸಿದ್ದೇನೆ. ಅದು ಒಪ್ಪಿಗೆಯಾಗದಿದ್ದರೆ ‘ಗಾಣ’ ಎಂಬುದು ಮನಸ್ಸಿನಲ್ಲಿದೆ. ಒಳಗಿರುವುದು ಕಬ್ಬಿನ ಹಾಲಿನದೋ ಕಾಕಂಬಿಯದೋ ಎಂದು ಕೇಳಿದರೆ ‘ಅದು ನಿಮಗೇಕೆ ಮ್ಯಾಡಂ, ನೀವು ಚಿತ್ರ ಮಾಡಿರಿ’ ಎಂದರು. ನಾನು ಎಲ್ಲಿಂದ ಆರಂಭಿಸಬೇಕು?

ಉತ್ತರ: ನೀವು ಕೇಳಿದ ಪ್ರಶ್ನೆಯಿಂದಲೇ ಆರಂಭಿಸಿರಿ, ಮತ್ತು ಈ ಸಲ ಉತ್ತರ ಸಿಗುವವರೆಗೆ ಕುರ್ಚಿಯಿಂದ ಏಳಬೇಡಿರಿ. ಕಬ್ಬಿನ ಮದ್ಯ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಪದಾರ್ಥಗಳು ಅಡಗಿವೆ. ಅರೆದ ಕಬ್ಬಿನ ಹಾಲನ್ನೇ ಹುದುಗಿಸಿ ಇಳಿಸಿದ್ದು ಒಂದು, ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಹುದುಗಿಸಿ ಇಳಿಸಿದ್ದು ಇನ್ನೊಂದು, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಇಳಿಸಿದ್ದು ಮೂರನೆಯದು. ನಮ್ಮ ದೇಶದ ಕಬ್ಬಿನ ಮದ್ಯದ ಬಹುಪಾಲು ಮೂರನೆಯ ದಾರಿಯದು: ಕಾಕಂಬಿಯನ್ನು ಎತ್ತರದ ಸ್ತಂಭಭಟ್ಟಿಯಲ್ಲಿ ಸುಮಾರು 96 ಪ್ರತಿಶತ ಶುದ್ಧತೆಯವರೆಗೆ ಏರಿಸಿದಾಗ ಕಬ್ಬಿನ ಗಂಧವೆಲ್ಲ ಹೊರಟುಹೋಗಿ ಬರಿಯ ಸ್ಪಿರಿಟ್ ಉಳಿಯುತ್ತದೆ, ಆಮೇಲೆ ನೀರು, ಬಣ್ಣ, ಪರಿಮಳ ಬೆರೆಯುತ್ತವೆ. ಅದರಲ್ಲಿ ಅಪರಾಧವೇನೂ ಇಲ್ಲ, ಆದರೆ ಅದಕ್ಕೆ ಎತ್ತಿನ ಗಾಣದ ಚಿತ್ರ ಅಂಟಿಸಿದರೆ ಅದು ಸುಳ್ಳು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮದ್ಯಪಾನೀಯ ನಿಯಮಾವಳಿಯು ಹಾಲಿನಿಂದಾಗಲಿ ಕಾಕಂಬಿಯಿಂದಾಗಲಿ ಇಳಿಸಿದ್ದನ್ನು ರಮ್ ಎಂದೇ ಕರೆಯಲು ಬಿಡುತ್ತದೆ. ಆದ್ದರಿಂದ ಒಳಗಿನ ವ್ಯತ್ಯಾಸವನ್ನು ಕಾಯ್ದೆಯ ಹೆಸರು ಹೇಳುವುದಿಲ್ಲ, ನಿಮ್ಮ ಲೇಬಲ್ಲೇ ಹೇಳಬೇಕಾಗುತ್ತದೆ.

ಇನ್ನು ಐದು ನೂರು ವರ್ಷದ ಮಾತು. ಬೆಲ್ಲದಿಂದ ಮಾಡಿದ ಮದ್ಯಕ್ಕೆ ‘ಗೌಡೀ’ ಎಂಬ ಹೆಸರು ಮನುಸ್ಮೃತಿಯಲ್ಲಿದೆ ಎಂದು ನಿಮ್ಮ ಗಿರಾಕಿಗೆ ಯಾರಾದರೂ ಪಂಡಿತರು ಹೇಳಿಯಾರು. ಹೌದು, ಇದೆ, ಆದರೆ ಅಲ್ಲಿ ಅದು ಬರುವುದು ಕುಡಿಯಬಾರದ ಸುರೆಗಳ ಪಟ್ಟಿಯಲ್ಲಿ. ಅದನ್ನು ಬಾಟಲಿಯ ಮೇಲೆ ಹಾಕಿದರೆ ಶಾಸ್ತ್ರ ಬಲ್ಲವರು ನಗುತ್ತಾರೆ, ಶಾಸ್ತ್ರ ಅರಿಯದ ನಮ್ಮ ಊರಿನವರು ಯಾವ ಗೌಡರ ಮನೆಯದು ಎಂದು ಕೇಳುತ್ತಾರೆ. ಆಯುರ್ವೇದದ ಗ್ರಂಥಗಳಲ್ಲಿ ಕಬ್ಬಿನ ಹಾಲಿನ ‘ಸೀಧು’ ಬರುತ್ತದೆ, ಆದರೆ ಅದು ಹುದುಗಿಸಿದ ಪಾನೀಯ, ಭಟ್ಟಿ ಇಳಿಸಿದ್ದಲ್ಲ. ಅಂದಿನಿಂದ ಇಂದಿನವರೆಗೆ ಒಂದೇ ಎಳೆ ಹರಿದುಬಂದಿದೆ ಎನ್ನಲು ಆಧಾರವಿಲ್ಲ. ಸೊಲ್ಲಾಪುರದಂಥ ಬ್ರಿಟಿಷ್ ಜಿಲ್ಲೆಗಳಲ್ಲಿ 1878ರ ಮುಂಬೈ ಅಬಕಾರಿ ಕಾಯ್ದೆ ಬಂದ ಮೇಲೆ ಊರೂರಿನ ಸಣ್ಣ ಭಟ್ಟಿಗಳು ಸರಕಾರಿ ಹಿಡಿತದ ದೊಡ್ಡ ಭಟ್ಟಿಗಳಿಗೆ ಜಾಗ ಬಿಟ್ಟವು. ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು, ಅದೇ ವರ್ಷ ಮುಂಬೈ ಪಾನನಿಷೇಧ ಕಾಯ್ದೆ ಬಂತು. ಇಂಥ ಇತಿಹಾಸದ ನಡುವೆ ಮನೆತನದ ಭಟ್ಟಿ ಐದು ಶತಮಾನ ಆರದೆ ಉರಿಯಿತು ಎಂದರೆ ಅದಕ್ಕೆ ಕಾಗದ ತೋರಿಸಬೇಕಾದವರು ಅವರೇ.

ನಮ್ಮ ಗಡಿಯಲ್ಲಿ ನಿಜವಾದ ಪರಂಪರೆ ಇರುವುದು ಸೆರೆಗಲ್ಲ, ಕಬ್ಬಿಗೆ ಮತ್ತು ಬೆಲ್ಲಕ್ಕೆ. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಶಾಹುಪುರಿಯ ಬೆಲ್ಲದ ಪೇಟೆಗೆ ಅಡಿಗಲ್ಲು ಹಾಕಿದ್ದು 1895ರಲ್ಲಿ. ಕೊಲ್ಹಾಪುರ ಬೆಲ್ಲಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು 2014ರಲ್ಲಿ. ಇದು ಯಾರೂ ಅಲ್ಲಗಳೆಯಲಾರದ ಚರಿತ್ರೆ, ಮತ್ತು ಅದನ್ನು ನೀವು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿರುತ್ತೀರಿ. ಗುರ್ಹಾಳಕ್ಕೆ, ಅಂದರೆ ಆಲೆಮನೆಗೆ, ಹೋಗಿ ಒಂದು ರಾತ್ರಿ ಕುಳಿತುಕೊಳ್ಳಿರಿ. ಒಣಗಿದ ಸಿಪ್ಪೆ ಒಲೆಗೆ ಬೀಳುತ್ತದೆ, ಕೊಪ್ಪರಿಗೆಯ ಹಾಲು ಬೆಂಡೆಯ ಗಿಡದ ಲೋಳೆಗೆ ಕೊಳೆ ಬಿಟ್ಟುಕೊಡುತ್ತದೆ, ಬೆಲ್ಲ ಕಾಯಿಸುವ ಗುಳವ್ಯಾ ಹದ ನೋಡಿ ಇಳಿಸುತ್ತಾನೆ, ಬಟ್ಟೆ ಹಾಸಿದ ಬುಟ್ಟಿಯಂಥ ಅಚ್ಚಿಗೆ ಪಾಕ ಸುರಿಯುತ್ತಾರೆ. ಆರಿದ ಮೇಲೆ ಬೋರಲು ಹಾಕಿ ಬಟ್ಟೆ ಬಿಡಿಸಿದ ಪೆಂಟಿಯನ್ನು, ಅಂದರೆ ಬೆಲ್ಲದ ಗಟ್ಟಿಯನ್ನು, ಬೆಳಕಿಗೆ ಹಿಡಿದು ನೋಡಿರಿ: ಬಟ್ಟೆಯ ಹಾಸುಹೊಕ್ಕು ಎಳೆ ಎಳೆಯಾಗಿ ಬೆಲ್ಲದ ಮೈಮೇಲೆ ಮೂಡಿರುತ್ತದೆ, ಮಡಿಕೆ ಬಿದ್ದಲ್ಲಿ ಒಂದು ಓರೆಗೆರೆ ಇರುತ್ತದೆ. ನನಗೆ ಕೇಳಿದರೆ ನಿಮ್ಮ ಲೇಬಲ್ ಅಲ್ಲೇ ಇದೆ. ಆ ನೇಯ್ಗೆಯನ್ನು ಬಣ್ಣವಿಲ್ಲದೆ ಕಾಗದದ ಮೇಲೆ ಉಬ್ಬಚ್ಚಾಗಿ ಒತ್ತಿಸಿರಿ, ಬೆರಳು ತಾಗಿದಾಗ ತಿಳಿಯಬೇಕು. ಬಾಟಲಿಯ ಆಕಾರಕ್ಕೂ ಪೆಂಟಿಯೇ ಸಾಕು: ಕೆಳಗೆ ಅಗಲ, ಮೇಲೆ ಕಿರಿದು, ಕಪಾಟಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಸಾಗಣೆಯಲ್ಲಿ ಉರುಳುವುದೂ ಕಡಿಮೆ. ಆಕಾರ ನಿಮ್ಮದೇ ಹೊಸದಾಗಿದ್ದರೆ 2000ದ ವಿನ್ಯಾಸ ಕಾಯ್ದೆಯಡಿ ಮಾರುಕಟ್ಟೆಗೆ ತರುವ ಮೊದಲೇ ನೋಂದಣಿಗೆ ಕೊಡಿರಿ. ಹತ್ತು ವರ್ಷ, ಆಮೇಲೆ ಇನ್ನೈದು ವರ್ಷ ರಕ್ಷಣೆ ಸಿಗುತ್ತದೆ. ಒಂದು ಎಚ್ಚರಿಕೆ: ‘ಕೊಲ್ಹಾಪುರ ಬೆಲ್ಲ’ ಎಂಬ ಹೆಸರನ್ನು ಬಾಟಲಿಯ ಮೇಲೆ ಮುದ್ರಿಸುವುದು ಬೇರೆಯೇ ಕಾನೂನು ಪ್ರಶ್ನೆ, ಅದನ್ನು ಕೇಳದೆ ಮಾಡಬೇಡಿರಿ.

ಬಣ್ಣದ ವಿಷಯದಲ್ಲಿ ನಿಮ್ಮ ಗಿರಾಕಿ ತಕರಾರು ತೆಗೆಯುತ್ತಾರೆ. ಕಬ್ಬಿನ ಹಾಲಿನಿಂದ ಇಳಿಸಿ ಮರದ ಪೀಪಾಯಿಯಲ್ಲಿ ಇಡದ ಮದ್ಯ ನೀರಿನಂತೆ ತಿಳಿಯಾಗಿರುತ್ತದೆ. ತಿಳಿ ಗಾಜಿನಲ್ಲಿ ಅದನ್ನು ಕಂಡರೆ ನಮ್ಮ ಕಡೆ ಜನ ದೇಶಿ ಅಂಗಡಿಯ ‘ಸಂತ್ರಾ’ ಎಂದುಕೊಳ್ಳುತ್ತಾರೆ ಎಂಬ ಭಯ ಸಹಜವೇ. ಅದಕ್ಕೆ ಪರಿಹಾರ ಕ್ಯಾರಮೆಲ್ ಬೆರೆಸುವುದಲ್ಲ, ಗಾಜಿನ ತೂಕ ಮತ್ತು ಲೇಬಲ್ಲಿನ ಸಂಯಮ. ಬ್ರಜಿಲ್ ದೇಶದ ಕಶಾಸಾ ಇದಕ್ಕೆ ಒಳ್ಳೆಯ ಪಾಠ. ಅದೂ ಕಬ್ಬಿನ ಹಾಲಿನದೇ, 38ರಿಂದ 48 ಪ್ರತಿಶತದ್ದು, ಅಲ್ಲಿಯೂ ಬಹುಕಾಲ ಬಡವರ ಕುಡಿತವೆಂದೇ ಹೆಸರಾಗಿತ್ತು. ಅಮೆರಿಕದಲ್ಲಿ ಅದನ್ನು ‘ಬ್ರಜಿಲಿನ ರಮ್’ ಎಂಬ ಲೇಬಲ್ಲಿನಡಿ ಮಾರಬೇಕಾಗುತ್ತಿತ್ತು. ಸ್ವಂತ ಹೆಸರಿಗೆ ಅಲ್ಲಿ ಮಾನ್ಯತೆ ಸಿಕ್ಕಿದ್ದು 2013ರಲ್ಲಿ. ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದ ಕಬ್ಬಿನ ಹಾಲಿನ ರಮ್ಮಿಗೆ 1996ರಿಂದಲೇ ಮೂಲಸ್ಥಾನದ ರಕ್ಷಣೆ ಇದೆ. ನಮ್ಮ ಪಕ್ಕದ ಗೋವೆಯ ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಬಂತು, 2016ರಲ್ಲಿ ಗೋವಾ ಸರಕಾರ ಅದನ್ನು ಪರಂಪರೆಯ ಮದ್ಯ ಎಂದು ಘೋಷಿಸಿತು. ಈ ಮೂರರಲ್ಲೂ ಮೀಸೆಯ ಸರದಾರರು ಕೆಲಸ ಮಾಡಲಿಲ್ಲ, ಯಾವ ಬೆಳೆ, ಯಾವ ಊರು, ಹೇಗೆ ಇಳಿಸಿದ್ದು ಎಂಬುದನ್ನು ಬಿಗಿಯಾಗಿ ಹೇಳಿದ್ದು ಕೆಲಸ ಮಾಡಿತು.

ಹಾಗೆ ಹೇಳಲು ನಿಮ್ಮಲ್ಲಿ ಒಳ್ಳೆಯದೊಂದು ಶಬ್ದವೇ ಇದೆ, ಹಂಗಾಮು. ಕಡಿದ ಕಬ್ಬು ಕಾಯುವುದಿಲ್ಲ, ಅರೆದ ಹಾಲು ಕೆಲವೇ ತಾಸುಗಳಲ್ಲಿ ಹುಳಿಯುತ್ತದೆ, ಆದ್ದರಿಂದ ಹಾಲಿನ ಮದ್ಯವನ್ನು ಹಂಗಾಮಿನ ತಿಂಗಳುಗಳಲ್ಲಿ ಮಾತ್ರ ಇಳಿಸಲು ಸಾಧ್ಯ. ಕಾಕಂಬಿಯಾದರೆ ತೊಟ್ಟಿಯಲ್ಲಿ ವರ್ಷವಿಡೀ ಕೂತಿರುತ್ತದೆ. ‘2025–26ರ ಹಂಗಾಮು, ಕೋ 86032 ತಳಿ, ಇಂಥ ಊರಿನ ಕಬ್ಬು, ತಾಮ್ರದ ಭಟ್ಟಿ’ ಎಂಬ ಒಂದು ಸಾಲು ನಿಜವಾಗಿದ್ದರೆ ಅದು ಐದು ನೂರು ವರ್ಷಕ್ಕಿಂತ ಭಾರವಾಗಿ ತೂಗುತ್ತದೆ. ‘ಕಬ್ಬಿನ ಹಾಲು’ ಎಂಬುದು ನಮಗೆ ಎಷ್ಟೇ ಸಹಜವಾಗಿದ್ದರೂ ಮದ್ಯದ ಬಾಟಲಿಯ ಮೇಲೆ ‘ಹಾಲು’ ಬೇಡ, ಅಲ್ಲಿ ‘ಕಬ್ಬಿನ ರಸ’ ಎಂದೇ ಬರೆಯಿರಿ.

ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಛತ್ರಪತಿ ಶಿವಾಜಿ ಮಹಾರಾಜರ ಹೆಸರಾಗಲಿ ಚಿತ್ರವಾಗಲಿ ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ಧಾರ್ಮಿಕ ಭಾವನೆಗೆ ನೋವಾಗುವ ಗುರುತನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆ ನೋಂದಾಯಿಸುವುದಿಲ್ಲ. ಸರದಾರ ಯಾರೆಂದು ಬರೆಯದಿದ್ದರೂ ಕೋಟೆಯ ಪಕ್ಕದಲ್ಲಿ ಗಡ್ಡಮೀಸೆಯ ಒಬ್ಬರನ್ನು ನಿಲ್ಲಿಸಿದರೆ ಕೊಲ್ಹಾಪುರದಲ್ಲಿ ಜನ ಯಾರನ್ನು ಕಾಣುತ್ತಾರೆ ಎಂಬುದು ನಿಮಗೂ ಗೊತ್ತು, ನಿಮ್ಮ ಗಿರಾಕಿಗೂ ಗೊತ್ತು.

ಹೆಸರಿನ ವಿಷಯಕ್ಕೆ ಬಂದರೆ ‘ಆಲೆಮನೆ’ ನನ್ನ ಕಿವಿಗೆ ಬಹಳ ಇಷ್ಟವಾಯಿತು, ಆದರೂ ಬೇಡ. ಅಂಗಡಿಯವನು ಅದನ್ನು ಮೊಟಕುಮಾಡಿ ‘ಆಲೆ’ ಎನ್ನುತ್ತಾನೆ. ಮರಾಠಿಯಲ್ಲಿ ಆಲೆ ಎಂದರೆ ಹಸಿಶುಂಠಿ. ರೋಮನ್ ಅಕ್ಷರದಲ್ಲಿ ಬರೆದರೆ ಮೊದಲ ಮೂರು ಅಕ್ಷರಗಳು ಏಲ್ ಎಂಬ ಬಿಯರಿನ ಹೆಸರಾಗುತ್ತವೆ. ಮೂರು ಲಿಪಿಗಳಲ್ಲಿ ಮೂರು ಅರ್ಥವಾಗುವ ಹೆಸರು ಅಬಕಾರಿ ಇಲಾಖೆಯ ಮೇಜಿನ ಮೇಲೆ ಸುಮ್ಮನೆ ಸಿಕ್ಕಿಕೊಳ್ಳುತ್ತದೆ. ‘ಗಾಣ’ ಇನ್ನೂ ಅಪಾಯ, ಮರಾಠಿ ಕಿವಿಗೆ ಅದು ‘ಘಾಣ’ ಎಂದು ಕೇಳಿಸಿದರೆ ಹೊಲಸು ಎಂಬ ಅರ್ಥ. ಬರಿಯ ‘ಕಬ್ಬು’ ಎಂದರೆ ಅದು ಪದಾರ್ಥದ ವರ್ಣನೆ, ಯಾರೊಬ್ಬರ ಸ್ವತ್ತಾಗುವುದು ಕಷ್ಟ. ನನ್ನ ಓಟು ‘ಪೆಂಟಿ’ಗೆ ಇತ್ತು, ಆದರೆ ಮಗಳು ಅದನ್ನು ರೋಮನ್ ಲಿಪಿಯಲ್ಲಿ ಬರೆದು ತೋರಿಸಿ ನಕ್ಕದ್ದರಿಂದ ಹಿಂತೆಗೆದುಕೊಂಡೆ. ‘ಹಂಗಾಮು’ ಎಂಬುದನ್ನೇ ಪರೀಕ್ಷಿಸಿ ನೋಡಿರಿ: ಮರಾಠಿಯ ಹಂಗಾಮಕ್ಕೂ ನಮ್ಮ ಹಂಗಾಮಿಗೂ ಅರ್ಥ ಒಂದೇ, ಒತ್ತಕ್ಷರವಿಲ್ಲ, ಕಬ್ಬಿನವರೆಲ್ಲ ಬಲ್ಲ ಮಾತು. ಟ್ರೇಡ್‌ಮಾರ್ಕಿನ 33ನೆಯ ವರ್ಗದಲ್ಲಿ ಆ ಹೆಸರು ಆಗಲೇ ಯಾರದಾದರೂ ಇದೆಯೇ ಎಂದು ಹುಡುಕಿಸಿದ ಮೇಲೆಯೇ ಗಿರಾಕಿಯ ಮುಂದೆ ಇಡಿರಿ.

ಪ್ರಶ್ನೆ: ನಾನು ಸೊಲ್ಲಾಪುರದಲ್ಲಿ ಚಿಕ್ಕ ಛಾಪಖಾನೆ ನಡೆಸುತ್ತೇನೆ. ಇಂಥ ‘ಹಳೆಯ ಕಾಲದ’ ಲೇಬಲ್ಲುಗಳಿಗೆ ಎಲ್ಲರೂ ಕೈಕಾಗದ ಕೇಳುತ್ತಾರೆ. ಕೊಡಬಹುದೇ? ಕಡ್ಡಾಯ ಮಾಹಿತಿಗೆ ಎಷ್ಟು ಜಾಗ ಬಿಡಬೇಕು?

ಉತ್ತರ: ಕೈಕಾಗದದ ಆಸೆಗೆ ನಾನೂ ಒಮ್ಮೆ ಬಿದ್ದಿದ್ದೇನೆ. ಹತ್ತಿಯ ಚಿಂದಿಯಿಂದ ಮಾಡಿದ ಸುಂದರವಾದ ಕಾಗದ. ಮಾದರಿ ನೋಡಿದವರೆಲ್ಲ ಕೆನ್ನೆಗೆ ಒತ್ತಿ ನೋಡಿದರು. ಮಳೆಗಾಲದ ಗೋದಾಮಿನಲ್ಲಿ ಎರಡು ತಿಂಗಳು ಕಳೆದ ಮೇಲೆ ಪೆಟ್ಟಿಗೆ ಬಿಚ್ಚಿದರೆ ಪ್ರತಿ ಲೇಬಲ್ಲಿನ ಅಂಚಿನಲ್ಲಿ ಬೂದುಬಣ್ಣದ ಬೂಸಲು. ತಪ್ಪು ಭಟ್ಟಿಯವರದಲ್ಲ, ಗೋದಾಮಿನವರದೂ ಅಲ್ಲ. ಮೆತ್ತನೆಯ ಕಾಗದಕ್ಕೆ ಮೈದಾ ಅಂಟು ಹಚ್ಚಲು ಒಪ್ಪಿದ ನನ್ನದು. ಈಗ ನಾನು ಹೇಳುವುದು ಇಷ್ಟು: ನೀರು ತಡೆಯುವ ಲೇಬಲ್ ಕಾಗದವನ್ನೇ ತೆಗೆದುಕೊಂಡು ಒರಟುತನವನ್ನು ಉಬ್ಬಚ್ಚಿನಿಂದ ತನ್ನಿರಿ. ಮಾದರಿ ಬಾಟಲಿಯನ್ನು ಬರ್ಫದ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಿರಿ, ಬೆಳಗ್ಗೆ ಅದೇ ಮದ್ಯದಲ್ಲಿ ಅದ್ದಿದ ಬಟ್ಟೆಯಿಂದ ಇಪ್ಪತ್ತು ಸಲ ಉಜ್ಜಿರಿ. ಸುರಿಯುವಾಗ ಕುತ್ತಿಗೆಯಿಂದ ಇಳಿಯುವ ಹನಿ ನೇರ ಲೇಬಲ್ಲಿನ ಮೇಲೇ ಹರಿಯುತ್ತದೆ, ಮತ್ತು ಬಂಗಾರದ ಮಸಿ ಸ್ಪಿರಿಟ್ಟಿಗೆ ಬಿಡುವಷ್ಟು ಬೇಗ ಬೇರೆ ಮಸಿ ಬಿಡುವುದನ್ನು ನಾನು ಕಂಡಿಲ್ಲ. ಹೊರಪೆಟ್ಟಿಗೆಗೆ ಕಬ್ಬಿನ ಸಿಪ್ಪೆಯ ತಿರುಳಿನಿಂದ ಅಚ್ಚೊತ್ತಿದ ತಟ್ಟೆ ಬಳಸುವುದು ಒಳ್ಳೆಯ ಯೋಚನೆ. ಸಿಪ್ಪೆಯಿಂದ ಕಾಗದ ಮಾಡುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ, ತಮಿಳುನಾಡಿನ ಕರೂರಿನ ಬಳಿಯ ಸರಕಾರಿ ಕಾರ್ಖಾನೆ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದೆ. ಪದಾರ್ಥ ಮತ್ತು ಪೆಟ್ಟಿಗೆ ಒಂದೇ ಗಿಡದವು ಎಂದು ಹೇಳಲು ಅಲ್ಲಿ ಯಾವ ಉತ್ಪ್ರೇಕ್ಷೆಯೂ ಬೇಕಿಲ್ಲ.

ಜಾಗದ ಲೆಕ್ಕ ಹೀಗಿದೆ. 2018ರ ನಿಯಮಾವಳಿಯ ಎಚ್ಚರಿಕೆಯ ವಾಕ್ಯ, ಅಂದರೆ ಮದ್ಯಸೇವನೆ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿರಿ ಎಂಬುದು, 200 ಮಿಲಿ ಮೀರಿದ ಬಾಟಲಿಯಲ್ಲಿ 3 ಮಿಲಿಮೀಟರಿಗೆ ಕಡಿಮೆ ಇಲ್ಲದ ಅಕ್ಷರದಲ್ಲಿರಬೇಕು, ಅದಕ್ಕಿಂತ ಚಿಕ್ಕದರಲ್ಲಿ 1.5 ಮಿಲಿಮೀಟರು. ಮದ್ಯಾಂಶದ ಪ್ರತಿಶತ, ಪ್ರಮಾಣ, ತಯಾರಕರ ವಿಳಾಸ, ಪರವಾನಗಿ ಸಂಖ್ಯೆಗಳು ಬೇರೆ. ಆರೋಗ್ಯಕ್ಕೆ ಒಳ್ಳೆಯದು, ಜೀರ್ಣಕಾರಿ ಎಂಬಂಥ ಮಾತು ಎಲ್ಲಿಯೂ ಬರಕೂಡದು. ಪರಂಪರೆಯ ಹೆಸರಿನಲ್ಲಿ ಔಷಧಿಯ ಗುಣ ಹೇಳಿಸಲು ಬರುವ ಗಿರಾಕಿಗಳು ಕಡಿಮೆಯಿಲ್ಲ. ವಿನ್ಯಾಸಕರು ಮೊದಲು ಚಿತ್ರ ಮಾಡಿ ಉಳಿದ ಸಂದಿಯಲ್ಲಿ ಇವನ್ನು ತುರುಕುತ್ತಾರೆ. ನೀವು 180 ಮಿಲಿಯ ಬಾಟಲಿಯ ಲೇಬಲ್ ತೆಗೆದುಕೊಂಡು ಕಡ್ಡಾಯದ ಅಕ್ಷರಗಳನ್ನು ಮೊದಲು ಜೋಡಿಸಿಕೊಡಿರಿ, ಉಳಿದದ್ದು ಅವರ ಜಾಗ. ಇಲಾಖೆ ಒಪ್ಪಿದ ಲೇಬಲ್ಲಿನಲ್ಲಿ ಒಂದು ಬಣ್ಣ ಬದಲಾದರೂ ಮತ್ತೆ ಅನುಮತಿಗೆ ಓಡಬೇಕಾಗಬಹುದು, ಆದ್ದರಿಂದ ಅನುಮತಿ ಬರುವ ತನಕ ಪ್ಲೇಟ್ ಮಾಡಿಸಬೇಡಿರಿ.

ಪ್ರಶ್ನೆ: ನಾನು ಜತ್ತ ತಾಲೂಕಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದೆ. ನಮ್ಮ ಊರಿನ ಹೆಣ್ಣುಮಕ್ಕಳು ದೇಶಿ ಅಂಗಡಿ ಮುಚ್ಚಿಸಲು ಎಷ್ಟು ಕಷ್ಟಪಟ್ಟೆವು ಎಂದು ನಮಗೆ ಗೊತ್ತು. ಸೆರೆಗೆ ‘ಪರಂಪರೆ’ ಎಂಬ ಜರಿಸೀರೆ ಉಡಿಸುವುದು ಹೇಗೆ ಎಂದು ಕನ್ನಡ ಪತ್ರಿಕೆ ಹೇಳಿಕೊಡಬೇಕೇ?

ಉತ್ತರ: ತಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಅಕ್ಕಾವ್ರೆ. ಮದ್ಯದ ಅಂಗಡಿ ಇರಬೇಕೇ ಬೇಡವೇ ಎಂದು ಮಹಾರಾಷ್ಟ್ರದ ಊರುಗಳಲ್ಲಿ ನಡೆಯುವ ಮತದಾನದಲ್ಲಿ ಚಿಹ್ನೆಗಳೇ ಎರಡು ಬಾಟಲಿ: ಅಂಗಡಿ ಇರಲಿ ಎನ್ನುವವರಿಗೆ ನಿಂತ ಬಾಟಲಿ, ಮುಚ್ಚಲಿ ಎನ್ನುವವರಿಗೆ ಆಡವೀ ಬಾಟಲಿ, ಅಂದರೆ ಮಲಗಿದ್ದು. ಬಾಟಲಿಯ ಚಿತ್ರ ಬಿಡಿಸುವ ಯಾರಾದರೂ ಈ ಜಿಲ್ಲೆಗಳ ಅರ್ಧದಷ್ಟು ಜನರಿಗೆ ಆ ಚಿತ್ರದಿಂದ ಮೊದಲು ನೆನಪಾಗುವುದು ಮತಪತ್ರ ಎಂಬುದನ್ನು ಮರೆಯಕೂಡದು. ತಮ್ಮ ಪತ್ರ ಬರುವ ತನಕ ನನಗೂ ಅದು ಹೊಳೆದಿರಲಿಲ್ಲ.

ಆದರೂ ಉತ್ತರ ಕೊಡುವುದನ್ನು ಬಿಡಲಿಲ್ಲ, ಕಾರಣವಿದೆ. ಮದ್ಯದ ಜಾಹೀರಾತನ್ನು ಕೇಬಲ್ ದೂರದರ್ಶನದ ನಿಯಮಗಳು ತಡೆದಿವೆ, ಸೋಡಾ, ಸಂಗೀತದ ಹೆಸರಿನ ಮರೆಮಾಚಿದ ಜಾಹೀರಾತನ್ನು 2022ರ ಕೇಂದ್ರ ಮಾರ್ಗಸೂಚಿ ತಡೆದಿದೆ. ಉಳಿದ ಒಂದೇ ಜಾಹೀರಾತು ಲೇಬಲ್. ಅಲ್ಲಿ ಸುಳ್ಳು ಬರೆಯಬೇಡಿರಿ ಎಂದು ಹೇಳುವವರು ಒಬ್ಬರಾದರೂ ಇರಲಿ ಎಂಬುದು ನನ್ನ ಮಟ್ಟಿಗೆ ಸಾಕಾದ ಕಾರಣ. ತಾವು ಒಪ್ಪಲೇಬೇಕೆಂದಿಲ್ಲ. ಒಂದು ವಿಷಯದಲ್ಲಿ ಮಾತ್ರ ತಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ: ಇತ್ತೀಚೆಗೆ ಕೆಲವು ವಿನ್ಯಾಸಕರು ಹಾತಭಟ್ಟಿಯ, ಅಂದರೆ ಕಳ್ಳಭಟ್ಟಿಯ, ಮಡಕೆ, ಟ್ಯೂಬು, ಕಂದೀಲುಗಳನ್ನು ಚೆಲುವಾಗಿ ಚಿತ್ರಿಸಿ ‘ಹಳ್ಳಿಯ ಸೊಗಡು’ ಎನ್ನುತ್ತಾರೆ. 2015ರ ಜೂನಿನಲ್ಲಿ ಮುಂಬೈಯ ಮಾಲವಣಿಯಲ್ಲಿ ವಿಷದ ಸೆರೆ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮಿಥೆನಾಲ್ ಬೆರೆತ ಆ ಸೆರೆ ಬಂದದ್ದು ಕಾನೂನಿನ ಕಣ್ಣು ತಪ್ಪಿಸಿದ ದಾರಿಯಿಂದಲೇ. ಗಡಿಯ ಆಚೆ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯೇ ನಿಂತಿತು. ಆ ಮಡಕೆ ಯಾರಿಗೂ ಸೊಗಡಲ್ಲ. ಗಡಹಿಂಗ್ಲಜದ ತಂಗಿ ಅದನ್ನು ಕೇಳಿಲ್ಲ, ಆದರೂ ಅವರ ಗಿರಾಕಿ ನಾಳೆ ಕೇಳಿದರೆ ಈ ಪತ್ರವನ್ನೇ ತೋರಿಸಲಿ. 90 ಮಿಲಿಯ ಚಿಕ್ಕ ಬಾಟಲಿಯನ್ನೂ ತಮ್ಮ ಕಡೆಯಿಂದ ನಾನೇ ಬೇಡವೆನ್ನುತ್ತೇನೆ, ಅದು ಅಂಗಿಯ ಕಿಸೆಯಲ್ಲಿ ಅಡಗುವ ಅಳತೆ.

ಪ್ರಶ್ನೆ: ಮಹಾರಾಷ್ಟ್ರದಲ್ಲಿ ಮಾರುವ ಬಾಟಲಿಯ ಮೇಲೆ ಕನ್ನಡ ಅಕ್ಷರ ಹಾಕಬಹುದೇ? ಅಕ್ಕಲಕೋಟೆಯ ನಮ್ಮ ಅರ್ಧ ಊರು ಕನ್ನಡದ್ದು.

ಉತ್ತರ: ಕಡ್ಡಾಯದ ಮಾಹಿತಿ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕೆಂಬುದು ಆಹಾರ ಲೇಬಲ್ಲುಗಳ ಸಾಮಾನ್ಯ ನಿಯಮ, ಅದಕ್ಕೆ ವಿರುದ್ಧವಾಗದ ಹಾಗೆ ಇನ್ನೊಂದು ಭಾಷೆಯನ್ನು ಸೇರಿಸಲು ಅಡ್ಡಿಯಿಲ್ಲ, ಆದರೆ ಅಬಕಾರಿಯವರಿಗೆ ಕೊಡುವ ಮಾದರಿಯಲ್ಲೇ ಅದು ಇರಬೇಕು. ಅಳತೆಯ ಕಡೆ ಲಕ್ಷ್ಯವಿರಲಿ. ಮರಾಠಿಯ ಅಕ್ಷರ ಶಿರೋರೇಖೆಯಿಂದ ಜೋತುಬಿದ್ದಿರುತ್ತದೆ, ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇನ್ನೊಂದು ಅಂತಸ್ತು ಕಟ್ಟುತ್ತದೆ. ‘ಸೊಲ್ಲಾಪುರ’ ಮತ್ತು ‘ಅಕ್ಕಲಕೋಟೆ’ಯನ್ನು ಎರಡೂ ಲಿಪಿಗಳಲ್ಲಿ ಪಕ್ಕಪಕ್ಕ ಬರೆದು ನೋಡಿದರೆ ತಿಳಿಯುತ್ತದೆ. ಸಾಲುಗಳ ನಡುವೆ ಮರಾಠಿಗೆ ಬಿಟ್ಟಷ್ಟೇ ಜಾಗ ಬಿಟ್ಟರೆ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಒಂದು ಪ್ರತಿ ಅಚ್ಚುಹಾಕಿ ಖಾಲಿ ಬಾಟಲಿಗೆ ಸುತ್ತಿ, ಅಂಗಡಿಯ ಕಬ್ಬಿಣದ ಜಾಳಿಗೆಯ ಹಿಂದೆ ಇಡಿಸಿ, ಸಂಜೆಯ ಬೆಳಕಿನಲ್ಲಿ ಎರಡು ಮಾರು ದೂರದಿಂದ ಓದಿರಿ. ಓದಲು ಬಾರದಿದ್ದರೆ ಅಕ್ಷರ ದೊಡ್ಡದು ಮಾಡಬೇಡಿರಿ, ಮಾತು ಕಡಿಮೆ ಮಾಡಿರಿ.